ಹಣೆಯ ಮೇಲೆ ಎರಡು ಸುಳಿ

“ಅದು ಕಚ್ಚಲ್ಲ ಸರ್. ರುಚಿ ನೋಡ್ತಿದೆ ಅಷ್ಟೇ,” ಎಂದರು ಲಾಳದ ಮಾಮ, ಬಗ್ಗಿಸಿದ ತಲೆ ಎತ್ತದೆ.

ನನ್ನ ಅಂಗಿಯ ತೋಳು ಆಗಲೇ ಆ ಬಿಳಿ ಕುದುರೆಯ ಬಾಯಲ್ಲಿತ್ತು. ರುಚಿ ನೋಡುವುದಕ್ಕೂ ಕಚ್ಚುವುದಕ್ಕೂ ನಡುವೆ ದೂರ ಎಷ್ಟು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ. ನನಗೆ ಉಲ್ಟಾ. ಕುದುರೆ ಕಂಡರೆ ನನ್ನ ಕಾಲಿಗೆ ಎಲ್ಲಿಲ್ಲದ ಶಕ್ತಿ ಬರುತ್ತದೆ, ಓಡುವುದಕ್ಕೆ.

ಆದರೆ ಇವತ್ತು ಓಡುವ ಹಾಗಿರಲಿಲ್ಲ. ಸಂಜೆ ನಾಲ್ಕಕ್ಕೆ ಈ ಸವಾರಿ ಶಾಲೆಯ ಯಜಮಾನರು ತಮ್ಮ ತಂಗಿಯ ಕೈಯಿಂದ ಲಾಯದ ಬೀಗದ ಕೈ ಕಿತ್ತುಕೊಳ್ಳುವವರಿದ್ದರು. ಪತ್ತೇದಾರನಾದ ನನಗೆ ಈ ಕೇಸು ಕೊಟ್ಟವರು ಆ ತಂಗಿಯೇ. ಇಲ್ಲಿ ಎಲ್ಲರಿಗೂ ಟೀಚರಮ್ಮ. ಒಂದು ವಾರದಿಂದ ಆಕೆಯದು ಒಂದೇ ಮಾತು: ಲಾಯದಲ್ಲಿ ನಿಂತಿರುವ ಈ ಬಿಳಿ ಕುದುರೆ ನನ್ನ ಮೋಡ ಅಲ್ಲ, ಯಾರೋ ಕುದುರೆ ಬದಲಾಯಿಸಿದ್ದಾರೆ.

ಯಾರೂ ನಂಬಲಿಲ್ಲ. ಹಿಂದೊಮ್ಮೆ ಕುದುರೆಯಿಂದ ಬಿದ್ದು ತಲೆಗೆ ಪೆಟ್ಟಾಗಿತ್ತಲ್ಲ, ಅದು ಈಗ ಕಾಡುತ್ತಿದೆ ಎಂದು ಅಣ್ಣ ತೀರ್ಮಾನಿಸಿಬಿಟ್ಟಿದ್ದರು. ನಾಲ್ಕು ಗಂಟೆಯೊಳಗೆ ನಾನು ಏನಾದರೂ ತೋರಿಸದಿದ್ದರೆ ಆಕೆ ಮಕ್ಕಳಿಗೆ ಕಲಿಸುವ ಹಾಗಿಲ್ಲ, ಕುದುರೆ ಹತ್ತಿರ ಸುಳಿಯುವ ಹಾಗಿಲ್ಲ. ತಲೆ ಕೆಟ್ಟವಳು ಎಂಬ ಹೆಸರು ಮಾತ್ರ ಪುಕ್ಕಟೆ.

ಲಾಳದ ಮಾಮ ಕುದುರೆಯ ಮುಂಗಾಲನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಗೊರಸಿಗೆ ಅರ ಉಜ್ಜುತ್ತಿದ್ದರು. ಅರವತ್ತು ದಾಟಿದ ಮನುಷ್ಯ. ಕುದುರೆ ನನ್ನ ತೋಳು ಬಿಟ್ಟು ಅವರ ಬೆನ್ನಿನ ಮೇಲೆ ಗದ್ದ ಊರಿ ಕಣ್ಣು ಅರ್ಧ ಮುಚ್ಚಿತು.

“ಮಾಮ, ನಿಮಗೆ ಯಾವ ತಳಿ ಕುದುರೆ ಇಷ್ಟ?”

ಬೆಳಿಗ್ಗೆಯಿಂದ ಎದುರಾದವರಿಗೆಲ್ಲ ಇದನ್ನೇ ಕೇಳುತ್ತಿದ್ದೆ. ನೀವು ಅಂದು ಎಲ್ಲಿದ್ದಿರಿ ಎಂದರೆ ಜನ ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ನಿಮಗೆ ಯಾವುದು ಇಷ್ಟ ಎಂದರೆ ಅದೇ ಬೀಗ ತಾನಾಗಿ ಕಳಚುತ್ತದೆ. ಜೊತೆಗೆ ಅವರು ಕುದುರೆಯಲ್ಲಿ ಏನನ್ನು ನೋಡುತ್ತಾರೆ ಎಂಬುದೂ ಗೊತ್ತಾಗುತ್ತದೆ.

ಅರ ನಿಂತಿತು. “ಶೈರ್,” ಎಂದರು ಮಾಮ. “ನೋಡಿದೀರಾ? ನಿಂತರೆ ಗೋಡೆ ನಿಂತ ಹಾಗೆ. ಕಾಲಿಗೆ ಕಂಬಳಿ ಸುತ್ತಿದಂಗೆ ಕೂದಲು. ಗೊರಸು ಊಟದ ತಟ್ಟೆಯಷ್ಟು. ಅಷ್ಟು ದೊಡ್ಡ ಪ್ರಾಣಿ, ಕಾಲು ಕೊಡಪ್ಪಾ ಅಂದ್ರೆ ಕೊಡುತ್ತೆ. ಬಲ ಇದ್ದೂ ತೋರಿಸದೇ ಇರೋದಿದೆಯಲ್ಲ, ಅದಕ್ಕೆ ಮನಸೋತೆ ನಾನು.”

“ಅಂದ್ರೆ ನೀವು ಮೊದಲು ನೋಡೋದು ಗೊರಸು.”

“ಮುಖ ನೋಡೋಕೆ ಪುರುಸೊತ್ತೆಲ್ಲಿ? ನನಗೆ ಸಿಗೋದೇ ಕಾಲು.”

“ಈ ಗೊರಸು ಮೋಡಂದೇನಾ?”

“ಮರಿ ಇದ್ದಾಗಿನಿಂದ ಗೊತ್ತು ಸರ್ ಇದು. ಒಳಗಡೆ ಅಂಚು ಸ್ವಲ್ಪ ಹೆಚ್ಚು ಸವೆಯುತ್ತೆ. ಮೋಡನೇ.”

ಟೀಚರಮ್ಮನ ಕೇಸು ಅಲ್ಲಿಗೇ ಮುಗಿದ ಹಾಗಾಯಿತು. ಆದರೂ ಕೇಳಿದೆ. “ಹೋದ ಸಲ ಲಾಳ ಬದಲಾಯಿಸಿದಾಗಲೂ ಒಳ ಅಂಚು ಸವೆದಿತ್ತಾ?”

ಮಾಮ ಕುದುರೆಯ ಕಾಲನ್ನು ನಿಧಾನವಾಗಿ ನೆಲಕ್ಕಿಳಿಸಿದರು. “ಲಾಳ ಹೊಡೆಯೋದು ನನ್ನ ಕೆಲಸ ಸರ್. ಹೋದ ಸಲದ್ದೆಲ್ಲ ಯಾರು ನೆನಪಿಟ್ಟುಕೊಳ್ತಾರೆ?”

ಮರಿ ಇದ್ದಾಗಿನ ಗೊರಸು ನೆನಪಿದ್ದವರಿಗೆ ಹೋದ ಸಲದ್ದು ಮರೆತಿತ್ತು. ನಾನು ಅದನ್ನು ಮನಸ್ಸಿನ ಮೂಲೆಯಲ್ಲಿ ಇಟ್ಟುಕೊಂಡೆ.

ಹೊರಡುವಾಗ ಬಾಗಿಲ ಮೇಲಿನ ಹಲಗೆ ಕಣ್ಣಿಗೆ ಬಿತ್ತು. ಪ್ರತಿ ಕುದುರೆಯ ಗೂಡಿನ ಮೇಲೂ ಅಂಥದೊಂದು ಹೆಸರಿನ ಹಲಗೆ, ಯಜಮಾನರು ತಾವೇ ಕೆತ್ತಿದ್ದು. ನಾಲ್ಕು ಮೂಲೆಗೂ ಗುಂಡು ತಲೆಯ ಹಿತ್ತಾಳೆ ಮೊಳೆ, ತಿಕ್ಕಿ ಫಳಫಳ ಹೊಳೆಸಿದ್ದು. ಮೋಡನ ಹಲಗೆಯಲ್ಲಿ ಮಾತ್ರ ಮೂರು ಹಿತ್ತಾಳೆ, ಒಂದು ಕಬ್ಬಿಣ. ಅಷ್ಟು ಅಚ್ಚುಕಟ್ಟಿನ ಮನುಷ್ಯ ಇದನ್ನು ಹೇಗೆ ಬಿಟ್ಟರೋ ಎಂದುಕೊಂಡು ಮುಂದೆ ನಡೆದೆ.

ಲಾಯದ ಓಣಿಯ ಕೊನೆಯಲ್ಲಿ ಡಾಕ್ಟರಮ್ಮ ಒಂದು ಕಂದು ಕುದುರೆಯ ಎದೆಗೆ ಸ್ಟೆತಸ್ಕೋಪ್ ಹಚ್ಚಿ ನಿಂತಿದ್ದರು. ಈ ಶಾಲೆಗೆ ಬರಲು ಶುರುಮಾಡಿ ಎರಡು ವರ್ಷವಾಗಿದೆಯಂತೆ. ಮಾತು ಕತ್ತರಿ.

“ಮತ್ತೆ ಬಂದ್ರಾ? ಹೇಳಿದೆನಲ್ಲ, ಕತ್ತಿನ ಚರ್ಮದಡಿ ಚಿಪ್ ಇದೆ, ಅಕ್ಕಿಕಾಳಿನಷ್ಟು. ಹೋದ ವಾರ ಯಂತ್ರ ಹಿಡಿದು ಓದಿದೆ. ಮರಿಯಲ್ಲಿ ಹಾಕಿಸಿದ ಅದೇ ಸಂಖ್ಯೆ. ಮೋಡನೇ. ಟೀಚರಮ್ಮ ಅಂದ್ರೆ ನನಗೆ ಪ್ರೀತಿ, ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂದ್ರೆ ನಾನೇನು ಮಾಡಲಿ?”

“ಅದಕ್ಕೂ ಮುಂಚೆ ಯಾವತ್ತಾದರೂ ಓದಿದ್ರಾ?”

“ಯಾಕೆ ಓದಬೇಕು? ಹಲ್ಲುನೋವು ಅಂತ ಬಂದವರ ಗುರುತಿನ ಚೀಟಿ ಕೇಳ್ತಾರಾ?”

“ಸರಿ. ನಿಮಗೆ ಯಾವ ತಳಿ ಇಷ್ಟ?”

ಆ ಪ್ರಶ್ನೆಗೆ ಅವರ ಮುಖದ ಗಂಟು ಸಡಿಲವಾಯಿತು. “ಅರಬ್ಬಿ. ಇನ್ಯಾವುದು? ಆ ಮುಖ ನೋಡಬೇಕು ನೀವು, ಮೂಗಿನ ಮೇಲೆ ಒಳಕ್ಕೆ ಬಾಗಿರುತ್ತೆ. ದೊಡ್ಡ ಕಣ್ಣು. ಮೂಗಿನ ಹೊಳ್ಳೆ ಅರಳಿಸಿದರೆ ಇಡೀ ಬಯಲಿನ ಗಾಳಿ ಒಳಗೆ ಹೋಗುತ್ತೆ. ಓಡುವಾಗ ಬಾಲ ಎತ್ತಿ ಹಿಡಿಯುತ್ತೆ, ಬಾವುಟದ ಹಾಗೆ. ದಿನವಿಡೀ ಓಡಿ ಬಂದರೂ ಉಸಿರು ಬೇಗ ಹದಕ್ಕೆ ಬರುತ್ತೆ.”

ಡಾಕ್ಟರಮ್ಮ ನೋಡುವುದು ಉಸಿರು ಮತ್ತು ಎದೆ. ಹಣೆಯನ್ನಲ್ಲ, ಗೊರಸನ್ನಲ್ಲ.

“ಮತ್ತೆ ಮೋಡ ಯಾವ ತಳಿ?”

“ಲಿಪಿಜಾನರ್. ಅದರ ಮಜಾ ಬೇರೆ. ಹುಟ್ಟುವಾಗ ಕಪ್ಪೋ ಗಾಢ ಕಂದೋ. ವರ್ಷ ಹೋದಂತೆ ಬೂದು, ಆಮೇಲೆ ಬೂದು ಮೈಮೇಲೆ ಚುಕ್ಕೆ ಚುಕ್ಕೆ, ಕೊನೆಗೆ ಹಾಲಿನಂಥ ಬಿಳಿ. ಹೆಚ್ಚಿನವು ಆರರಿಂದ ಹತ್ತು ವರ್ಷದೊಳಗೆ ಬೆಳ್ಳಗಾಗುತ್ತವೆ. ಚರ್ಮ ಮಾತ್ರ ಕೊನೆವರೆಗೂ ಕಪ್ಪೇ. ನಮ್ಮ ಕೂದಲು ನೆರೆತ ಹಾಗೇ. ಅವಕ್ಕೆ ನೆರೆತರೆ ಚೆಂದ, ನಮಗೆ ಬಣ್ಣದ ಖರ್ಚು.”

ಕುದುರೆ ಬಣ್ಣ ಬದಲಾಯಿಸುತ್ತದೆ ಎಂಬುದು ನನಗೆ ಹೊಸ ವಿಷಯ. ಓಣಿಯಲ್ಲಿ ನಡೆಯುತ್ತ ಅದನ್ನೇ ಮೆಲುಕು ಹಾಕಿದೆ. ಇನ್ನೇನೋ ಒಂದು ಯೋಚನೆ ಅದರ ಬೆನ್ನಿಗೇ ಬರಬೇಕಿತ್ತು, ಬರಲಿಲ್ಲ.

ಜೀನಿನ ಕೋಣೆಯಲ್ಲಿ ಟೀಚರಮ್ಮ ಒಬ್ಬರೇ ಕೂತು ಲಗಾಮಿಗೆ ಎಣ್ಣೆ ಒರೆಸುತ್ತಿದ್ದರು. ನಲವತ್ತರ ಆಸುಪಾಸು. ನಡೆಯುವಾಗ ಎಡಗಾಲು ಕೊಂಚ ಎಳೆಯುತ್ತದೆ. ಅವರ ತಲೆಯ ಮೇಲೆ ಗೋಡೆಯಲ್ಲಿ ದೊಡ್ಡಕ್ಷರದಲ್ಲಿ ಬರೆದಿತ್ತು: ಬೀಳಿಸಿದ ಕುದುರೆಯನ್ನೇ ಮತ್ತೆ ಹತ್ತು.

“ಈ ಮಾತು ನಿಮ್ಮದೇ ಅಂತೆ?”

“ಮಕ್ಕಳು ಬರೆದಿದ್ದು. ನನ್ನ ಕಥೆ ಕೇಳಿ ಬರೆದರು.” ಆಕೆ ನಕ್ಕರು. “ನಾನು ಮೊದಲು ಬೇರೆ ಕಡೆ ಕಲಿಸ್ತಿದ್ದೆ ಸರ್. ಅಪ್ಪನಿಗೆ ಕೈಲಾಗದೆ ಹೋದಾಗ, ಬಾ, ನಮ್ಮ ಶಾಲೆ ನೀನೇ ನೋಡಿಕೋ ಅಂತ ಕರೆಸಿಕೊಂಡರು. ಬಂದು ಎರಡು ತಿಂಗಳೂ ಆಗಿರಲಿಲ್ಲ. ಮೋಡ ಅಪ್ಪನ ಕುದುರೆ, ಆಗಿನ್ನೂ ಬೂದು ಬಣ್ಣ. ಒಂದು ದಿನ ಬೇಲಿ ಹಾರಿಸಿದೆ. ಹಾರಿತು. ಕಾಲು ನೆಲಕ್ಕೆ ತಾಗಿದ್ದೇ ತಡ, ಎಗರಿ ಬೀಳಿಸಿತು.”

ಸೊಂಟ ಮುರಿದು, ತಲೆಗೆ ಪೆಟ್ಟು ಬಿದ್ದು, ಒಂದೂವರೆ ವರ್ಷ ಆಸ್ಪತ್ರೆ ಮತ್ತು ಹಾಸಿಗೆ. ಅಷ್ಟರಲ್ಲಿ ಅಪ್ಪ ತೀರಿಕೊಂಡರು. ಅಣ್ಣ ಶಾಲೆ ವಹಿಸಿಕೊಂಡರು.

“ವಾಪಸ್ ಬಂದಾಗ ಎಲ್ಲರೂ ಬೇಡ ಅಂದರು. ನಾನು ಹಟ ಹಿಡಿದೆ. ಬೀಳಿಸಿದ್ದನ್ನೇ ಹತ್ತಬೇಕು, ಇಲ್ಲಾಂದ್ರೆ ಜನ್ಮದಲ್ಲಿ ಹತ್ತಲ್ಲ ಅಂತ. ಕೈ ನಡುಗ್ತಿತ್ತು ಸರ್. ಹತ್ತೋ ಮೊದಲು ಅದರ ಹಣೆ ಮೇಲೆ ಹೆಬ್ಬೆರಳು ಇಟ್ಟು ನಿಂತೆ, ನಡುಕ ನಿಲ್ಲೋವರೆಗೆ. ಅವತ್ತಿಂದ ನಾಲ್ಕು ವರ್ಷ, ದಿನಾ ಬೆಳಿಗ್ಗೆ ಹಾಗೇ ಇಡ್ತಿದ್ದೆ. ಹಣೆ ಮಧ್ಯೆ ಕೂದಲಿನ ಸುಳಿ ಇದೆಯಲ್ಲ, ಸರಿಯಾಗಿ ಅಲ್ಲೇ. ಒಂದೇ ಸುಳಿ. ನನ್ನ ಬೆರಳಿಗೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು.”

“ಈಗ ಲಾಯದಲ್ಲಿರೋದಕ್ಕೆ?”

“ಎರಡು. ಅಕ್ಕಪಕ್ಕ. ಅಣ್ಣನಿಗೆ ಹೇಳಿದರೆ, ನೀನು ಸರಿಯಾಗಿ ನೋಡಿರಲಿಲ್ಲ ಬಿಡು ಅಂತಾನೆ. ನಾಲ್ಕು ವರ್ಷ ಮುಟ್ಟಿದ್ದು ನೋಡಿದ ಲೆಕ್ಕಕ್ಕೆ ಬರಲ್ವಾ?”

“ಬೀಳೋದಕ್ಕೆ ಮುಂಚೆ ಎಷ್ಟು ಸುಳಿ ಇತ್ತು?”

ಆಕೆ ಬಟ್ಟೆ ಕೆಳಗಿಟ್ಟರು. “ಮುಂಚೆ ನಾನು ಗಮನಿಸಿರಲಿಲ್ಲ. ಆಗ ಭಯ ಇರಲಿಲ್ಲವಲ್ಲ. ಹತ್ತೋದು, ಇಳಿಯೋದು. ಮುಖ ಯಾರು ನೋಡ್ತಿದ್ರು?”

“ನಿಮಗೆ ಇಷ್ಟವಾದ ತಳಿ?”

“ಲಿಪಿಜಾನರ್ ಅಂತ ಹೇಳಬೇಕು. ನಿಜ ಹೇಳಲಾ? ಐಸ್‌ಲ್ಯಾಂಡಿನ ಗಿಡ್ಡ ಕುದುರೆ. ಅದಕ್ಕೊಂದು ನಡಿಗೆ ಇದೆ, ಕೈಯಲ್ಲಿ ತುಂಬಿದ ಲೋಟ ಹಿಡಿದು ಕೂತರೂ ತುಳುಕಲ್ಲ. ನನ್ನ ಮೋಡನೂ ಹಾಗೇ ಮೆತ್ತಗೆ ಹೊತ್ತು ಹೋಗ್ತಿದ್ದ. ಈಗ ಇರೋದು ನನ್ನ ಕಂಡರೆ ಕಿವಿ ಹಿಂದಕ್ಕೆ ಒತ್ತುತ್ತೆ. ಹೋದ ಸೋಮವಾರ ಮೇಲೆ ಕೂತ ಕೂಡಲೇ ನನ್ನ ಮೈಗೆ ಗೊತ್ತಾಯ್ತು.” ಲಗಾಮನ್ನು ಪಕ್ಕಕ್ಕಿಟ್ಟು ನನ್ನತ್ತ ತಿರುಗಿದರು. “ನನಗೆ ನಿಜವಾಗಲೂ ತಲೆ ಕೆಟ್ಟಿದೆಯಾ ಸರ್? ಇದ್ದರೆ ನೀವಾದರೂ ಹೇಳಿಬಿಡಿ.”

ಇಲ್ಲ ಎಂದು ಹೇಳಬೇಕೆಂದಿದ್ದೆ. ಆದರೆ ಚಿಪ್ ಒಂದು ಹೇಳುತ್ತಿತ್ತು, ಹೆಬ್ಬೆರಳು ಇನ್ನೊಂದು. ಎರಡೂ ಸುಳ್ಳಾಡುವ ಜಾತಿಯವಲ್ಲ.

“ಮೋಡನ ಹಳೇ ಫೋಟೊ ಏನಾದರೂ?”

“ಆಫೀಸಿನ ಗೋಡೆ ಮೇಲಿದೆ. ಅಪ್ಪ ಮತ್ತು ಮೋಡ, ಮುಖಕ್ಕೆ ಮುಖ ತಾಗಿಸಿ. ಹೋಗಿ ನೋಡಿ.”

ಹೋದೆ. ಗೋಡೆಯ ಮೇಲೆ ಫೋಟೊ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಹೊಸದಾಗಿ ಉಳಿದು ಚೌಕದ ಗುರುತಾಗಿತ್ತು. ಅದರ ಕೆಳಗೇ ಯಜಮಾನರು ಕೂತಿದ್ದರು. ಐವತ್ತರ ದಪ್ಪ ಮೈ, ಇಸ್ತ್ರಿ ಮಾಡಿದ ಅಂಗಿ, ಸೊಂಟದಲ್ಲಿ ಬೀಗದ ಕೈಗೊಂಚಲು.

“ಪತ್ತೇದಾರರು ಬಂದರು. ಪತ್ತೆ ಆಯ್ತಾ?”

“ಇಲ್ಲಿದ್ದ ಫೋಟೊ ಎಲ್ಲಿ?”

“ಗಾಜು ಒಡೆದಿತ್ತು. ರಿಪೇರಿಗೆ ಕೊಟ್ಟಿದ್ದೀನಿ.”

“ಯಾವಾಗ?”

“ಯಾವಾಗಲೋ.”

ನಾನು ಆ ದಾರಿ ಬಿಟ್ಟು ನನ್ನ ಮಾಮೂಲಿ ಪ್ರಶ್ನೆ ಹಾಕಿದೆ. ಅವರು ಕುರ್ಚಿಗೊರಗಿ ಕಿಟಕಿಯಾಚೆ ಕೈ ತೋರಿಸಿದರು. ಅಂಗಳದಲ್ಲಿ ಒಂದು ಕರಿ ಕುದುರೆ ಬಿಸಿಲಿಗೆ ಮೈಯೊಡ್ಡಿ ನಿಂತಿತ್ತು.

“ಕಾಡಿಗೆ ಅಂತ ಹೆಸರು. ಫ್ರೀಶಿಯನ್. ನೋಡಿ ಆ ಜೂಲು, ಅಲೆ ಅಲೆಯಾಗಿ ಭುಜ ದಾಟಿ ಇಳಿದಿದೆ. ನಡೆಯುವಾಗ ಮೊಣಕಾಲು ಎತ್ತಿ ಎತ್ತಿ ಇಡುತ್ತೆ. ಅಷ್ಟು ಗತ್ತು, ಆದರೆ ಸ್ವಭಾವ ಬೆಣ್ಣೆ. ಯಾರನ್ನು ಕೂರಿಸಿದರೂ ಬೀಳಿಸಲ್ಲ. ಕುದುರೆ ಅಂದ್ರೆ ನನಗೆ ಅಷ್ಟೇ ಬೇಕು. ಕೂತವರು ಕ್ಷೇಮವಾಗಿ ಇಳಿಯಬೇಕು.”

“ಮೋಡನೂ ಸಾಧುವೇ ಅಲ್ವಾ? ನಾಲ್ಕು ವರ್ಷ ಮಕ್ಕಳನ್ನೂ ಕೂರಿಸಿದೆಯಂತೆ.”

“ಹೂಂ. ಸಾಧುವೇ.”

“ಮತ್ತೆ ವಾರದಿಂದ ಅದರ ಜೀನಿಗೆ ಬೀಗ ಹಾಕಿದ್ದೀರಿ. ಯಾರೂ ಹತ್ತಕೂಡದು ಅಂದಿದ್ದೀರಿ.”

ಬೀಗದ ಕೈಗೊಂಚಲು ಒಮ್ಮೆ ಝಣ್ ಎಂದಿತು. “ತಂಗಿಗೆ ಹುಷಾರಿಲ್ಲ. ಅದಕ್ಕೆ.”

ತಂಗಿಗೆ ಹುಷಾರಿಲ್ಲದಿದ್ದರೆ ತಂಗಿಯನ್ನು ತಡೆಯಬೇಕು. ಮಕ್ಕಳು, ಕೆಲಸದವರು, ಎಲ್ಲರನ್ನೂ ತಡೆಯುವುದು ಯಾಕೆ? ನಾನು ಎದ್ದೆ. ಗಡಿಯಾರ ಮೂರೂವರೆ ತೋರಿಸುತ್ತಿತ್ತು.

ಜೀನಿನ ಕೋಣೆಗೆ ವಾಪಸಾದಾಗ ಟೀಚರಮ್ಮ ಗೊರಸಿನ ಕೊಕ್ಕೆ ಹುಡುಕುತ್ತಿದ್ದರು. ಗೊರಸಿನ ಸಂದಿಯ ಕೆಸರು ಕೀಳುವ ಆ ಕೊಕ್ಕೆಗಳನ್ನೆಲ್ಲ ಕಿಟಕಿಯ ಬಳಿ ಹಿಡಿ ಮುರಿದ ಒಂದು ಕಾಫಿ ಮಗ್ಗಿನಲ್ಲಿ ಸಿಕ್ಕಿಸಿಟ್ಟಿದ್ದರು. ಆಕೆ ಒಂದನ್ನು ಎಳೆದಾಗ ಮಗ್ಗು ಅರ್ಧ ಸುತ್ತು ತಿರುಗಿತು.

ಮಗ್ಗಿನ ಮೇಲೆ ಒಬ್ಬ ಮುದುಕರ ಮುಖವಿತ್ತು. ಅದಕ್ಕೆ ತಾಗಿಕೊಂಡು ಒಂದು ಬೂದು ಕುದುರೆಯ ಮುಖ.

“ಇದೇನು?”

“ಅಯ್ಯೋ, ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಮಾಡಿಸಿದ್ದು. ಅದೇ ಫೋಟೊ. ಹಿಡಿ ಮುರೀತು ಅಂತ ಇಲ್ಲಿಗೆ ಬಂತು. ದಿನಾ ಕಣ್ಣೆದುರೇ ಇದೆ, ನೋಡೋದೇ ಇಲ್ಲ.”

ಕೊಕ್ಕೆಗಳನ್ನು ಸುರಿದು ಮಗ್ಗನ್ನು ಬೆಳಕಿಗೆ ಹಿಡಿದೆ. ಜೇಬಿನಿಂದ ಭೂತಗನ್ನಡಿ ತೆಗೆದೆ. ಮನೆಯವಳು ಈ ಕನ್ನಡಿ ನೋಡಿದಾಗಲೆಲ್ಲ ನಗುತ್ತಾಳೆ. ಈಗ ಇದ್ದಿದ್ದರೆ ನಗುತ್ತಿರಲಿಲ್ಲ. ಗಾಢ ಬೂದು ಹಣೆಯ ಮೇಲೆ ಬಿಸಿಲು ಬಿದ್ದು ಕೂದಲಿನ ತಿರುವು ಎದ್ದು ಕಾಣುತ್ತಿತ್ತು.

ಎರಡು ಸುಳಿ. ಅಕ್ಕಪಕ್ಕ.

ಒಂದು ಕ್ಷಣ ನನ್ನ ತಲೆಯೂ ಸುಳಿಗೆ ಸಿಕ್ಕಿತು. ಆಮೇಲೆ ಡಾಕ್ಟರಮ್ಮನ ಮಾತಿನ ಬೆನ್ನಿಗೆ ಬರಬೇಕಿದ್ದದ್ದು ಬಂದೇ ಬಂತು. ಇದ್ದಕ್ಕಿದ್ದಂತೆ ಎಲ್ಲವೂ ಸರಿಯಾಗಿ ಕೂತವು. ಚಿಪ್ ಕೂಡ ಸುಳ್ಳಲ್ಲ, ಹೆಬ್ಬೆರಳೂ ಸುಳ್ಳಲ್ಲ.

“ಟೀಚರಮ್ಮ,” ಎಂದೆ. “ನಿಮಗೆ ತಲೆ ಕೆಟ್ಟಿಲ್ಲ. ಕುದುರೆ ಬದಲಾಗಿರೋದು ನಿಜ. ಬನ್ನಿ. ನಾನು ಏನು ಹೇಳಿದರೂ ಅಲ್ಲಿ ಹೂಂ ಅನ್ನಿ.”

ಓಣಿಯಲ್ಲಿ ಎಲ್ಲರೂ ಸೇರಿದ್ದರು. ಯಜಮಾನರು ಗಡಿಯಾರ ನೋಡಿಕೊಂಡು ಬಂದಿದ್ದರು. ಡಾಕ್ಟರಮ್ಮ ಚೀಲ ಮುಚ್ಚುತ್ತಿದ್ದರು. ಲಾಳದ ಮಾಮ ಮೋಡನ ಪಕ್ಕದಿಂದ ಕದಲಿರಲಿಲ್ಲ.

“ಪುಟ್ಟಿ, ಬೀಗದ ಕೈ ಕೊಡಮ್ಮ,” ಎಂದರು ಯಜಮಾನರು. ಸ್ವರದಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಸೋಜಿಗ.

“ಕೊಡ್ತಾರೆ,” ಎಂದೆ ನಾನು. “ಅದಕ್ಕೆ ಮೊದಲು ಒಂದು ಸಣ್ಣ ಪರೀಕ್ಷೆ. ನೀವೂ ಡಾಕ್ಟರಮ್ಮನೂ ಇದು ಮೋಡ ಅಂತೀರಿ. ನಾಲ್ಕು ವರ್ಷ ಒಬ್ಬರನ್ನೂ ಬೀಳಿಸದ ಮೋಡ. ಹಾಗಾದರೆ ಟೀಚರಮ್ಮ ಈಗಲೇ ಜೀನು ಕಟ್ಟಿ ಹತ್ತಲಿ. ಬೇಲಿ ಹಾರಿಸಲಿ. ಹಾರಿಸಿ ಕ್ಷೇಮವಾಗಿ ಬಂದರೆ ತಪ್ಪಾಯ್ತು ಅಂತ ಒಪ್ಪಿಕೊಂಡು ಕೈ ಕೊಟ್ಟುಬಿಡ್ತಾರೆ.”

“ಹೂಂ,” ಎಂದರು ಟೀಚರಮ್ಮ. ಲಗಾಮು ಹಿಡಿದು ಗೂಡಿನ ಬಾಗಿಲ ಅಗುಳಿ ಸರಿಸಿದರು. ಬಿಳಿ ಕುದುರೆ ಕಿವಿಗಳನ್ನು ಹಿಂದಕ್ಕೆ ಒತ್ತಿತು.

“ಬೇಡ.”

“ಯಾಕೆ ಅಣ್ಣ? ಸಾಧು ಕುದುರೆ ಅಲ್ವಾ?”

“ಪುಟ್ಟಿ, ಬೇಡ ಅಂದೆ.”

ಆಕೆ ಒಳಗೆ ಹೆಜ್ಜೆ ಇಟ್ಟರು. ಯಜಮಾನರು ಅಷ್ಟು ದಪ್ಪ ಮೈ ಹೊತ್ತು ಹೇಗೆ ಓಡಿದರೋ, ತಂಗಿಯ ರಟ್ಟೆ ಹಿಡಿದು ಹೊರಗೆಳೆದರು.

“ಹತ್ತಬೇಡ. ನಿನ್ನ ಬೀಳಿಸಿದ್ದು ಇದೇ. ಇದೇ ನಿನ್ನ ಸೊಂಟ ಮುರಿದದ್ದು.”

ಟೀಚರಮ್ಮ ಅಣ್ಣನತ್ತ ತಿರುಗಿದರು.

“ಅಣ್ಣ, ನಾಲ್ಕು ವರ್ಷ ನಾನು ಹತ್ತಿದ್ದೂ ಇದನ್ನೇ ತಾನೇ?” ಎಂದರು ಟೀಚರಮ್ಮ, ನಿಧಾನವಾಗಿ.

ಉತ್ತರ ನನ್ನ ಕೈಯಲ್ಲಿತ್ತು. ಮಗ್ಗನ್ನು ಡಾಕ್ಟರಮ್ಮನಿಗೆ ಕೊಟ್ಟೆ. ಅವರು ಮಗ್ಗು ನೋಡಿದರು, ಕುದುರೆಯ ಹಣೆ ನೋಡಿದರು, ಮತ್ತೆ ಮಗ್ಗು ನೋಡಿದರು.

“ಸುಳಿ ಸಾಯೋವರೆಗೂ ಬದಲಾಗಲ್ಲ,” ಎಂದರು ಮೆಲ್ಲಗೆ. “ಇದೇ ಮೋಡ. ಅಪ್ಪಾವರ ಮೋಡ.”

“ಹೌದು. ಟೀಚರಮ್ಮ ನಾಲ್ಕು ವರ್ಷ ಹತ್ತಿದ್ದು ಬೇರೆ ಕುದುರೆ,” ಎಂದೆ. “ಬೂದು ಕುದುರೆ ಬಿಟ್ಟು ಹೋದರು. ಒಂದೂವರೆ ವರ್ಷ ಕಳೆದು ಬಂದಾಗ ಬಿಳಿ ಕುದುರೆ ನಿಂತಿತ್ತು. ಕುದುರೆ ಅರಿಯದ ನನ್ನಂಥವನಾಗಿದ್ದರೆ ಬಾಗಿಲಲ್ಲೇ ಕೂಗ್ತಿದ್ದ, ಇದು ಬೇರೆ ಅಂತ. ನೀವೆಲ್ಲ ಈ ತಳಿಯನ್ನ ಬಲ್ಲವರು. ಬೆಳ್ಳಗಾಗುತ್ತೆ ಅಂತ ಗೊತ್ತು, ಬೆಳ್ಳಗಾಗಿದೆ ಅಂದುಕೊಂಡ್ರಿ. ತಿಳಿದದ್ದೇ ಕಣ್ಣಿಗೆ ಮಣ್ಣೆರಚಿತು.”

ಯಜಮಾನರು ತಂಗಿಯ ಕೈ ಬಿಡದೆ ಹುಲ್ಲಿನ ಕಟ್ಟಿನ ಮೇಲೆ ಕುಸಿದು ಕೂತರು.

“ನೀನು ಹಟ ಹಿಡಿದೆ ಪುಟ್ಟಿ. ಅದನ್ನೇ ಹತ್ತಬೇಕು ಅಂದೆ. ಇನ್ನೊಂದು ಸಲ ಬಿದ್ದರೆ ಏಳಲ್ಲ ಅಂದಿದ್ರು ಆಸ್ಪತ್ರೆ ಡಾಕ್ಟರು. ಹುಡುಕಿ ಹುಡುಕಿ ಅದೇ ತಳೀದು, ಮೆತ್ತನೆ ಸ್ವಭಾವದ್ದು ತಂದು ನಿಲ್ಲಿಸಿದೆ. ನೀನು ಹತ್ತಿದೆ. ನಕ್ಕೆ. ಆಮೇಲೆ ಹೇಗೆ ಹೇಳಲಿ? ಹೋದ ಸೋಮವಾರ ಗೂಡಿನಲ್ಲಿ ಇದು ನಿಂತಿರೋದು ಕಂಡಾಗ ನನ್ನ ಜೀವವೇ ಹಾರಿಹೋಯ್ತು. ನಿಜ ಹೇಳಿದ್ರೆ ನಿನ್ನ ಧೈರ್ಯ ಹೋಗುತ್ತೆ. ಹೇಳದಿದ್ರೆ ನೀನು ಹತ್ತುತ್ತೀಯ. ಫೋಟೊ ತೆಗೆದಿಟ್ಟೆ. ನಿನಗೆ ಹುಚ್ಚು ಅಂತ ಹೇಳೋದೊಂದೇ ದಾರಿ ಉಳಿದದ್ದು.”

ಟೀಚರಮ್ಮ ಜೀನಿನ ಕೋಣೆಯ ಕಡೆ ನೋಡಿದರು. ತೆರೆದ ಬಾಗಿಲಿನಿಂದ ಗೋಡೆಯ ದೊಡ್ಡಕ್ಷರ ಕಾಣುತ್ತಿತ್ತು.

“ನಾನು ಆ ಮಕ್ಕಳಿಗೆಲ್ಲ ಹೇಳ್ಕೊಂಡು ಬಂದಿದೀನಿ,” ಎಂದರು. “ಬೀಳಿಸಿದ ಕುದುರೆಯನ್ನೇ ಹತ್ತಿದೆ ಅಂತ. ಒಂದು ಹುಡುಗಿ ಕೈ ಮುರ್ಕೊಂಡು ವಾಪಸ್ ಬಂದಳು, ನನ್ನ ಮಾತು ನಂಬಿ. ಹಾಗಾದ್ರೆ ನಾನು ಯಾವತ್ತೂ ಹತ್ತೇ ಇಲ್ಲ.”

ಆಕೆಯ ಮಾತು ಗೆದ್ದಿತ್ತು. ಆ ಗೆಲುವಿನಿಂದ ಆಕೆಗೆ ಉಳಿದದ್ದೇನು ಎಂದು ನನಗೆ ತಿಳಿಯಲಿಲ್ಲ. ಮಗ್ಗನ್ನು ಒಡೆದುಹಾಕಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಆದರೆ ಪತ್ತೇದಾರನ ಬಾಯಿ ಸುಮ್ಮನಿರಬೇಕಲ್ಲ. “ಮೊದಲ ಸಲ ಬದಲ್ಸಿದ್ದು ನೀವು. ಈಗ ವಾಪಸ್ ತಂದು ನಿಲ್ಲಿಸಿದ್ದು ಯಾರು?”

“ನಾನಲ್ಲ,” ಎಂದರು ಯಜಮಾನರು. “ಇಷ್ಟು ದಿನ ಇದನ್ನ ಸಾಕ್ತಿದ್ದದ್ದು...”

“ನಾನೇ,” ಎಂದರು ಲಾಳದ ಮಾಮ.

ಕುದುರೆ ಅವರ ಹೆಗಲಿಗೆ ಮೂತಿ ಒರೆಸಿತು. ಅದು ಅವರ ಬೆನ್ನಿಗೆ ಗದ್ದ ಊರಿದಾಗಲೇ ನನಗೆ ಹೊಳೆಯಬೇಕಿತ್ತು.

“ಇಷ್ಟು ವರ್ಷ ನನ್ನ ಹಿತ್ತಲಲ್ಲೇ ಇತ್ತು. ಹೋದ ತಿಂಗಳು ಯಜಮಾನ್ರು ಹೇಳಿ ಕಳಿಸಿದ್ರು, ಇನ್ನು ಇಟ್ಕೊಳ್ಳೋದು ಬೇಡ, ಮುಗಿಸಿಬಿಡು ಅಂತ. ಅದಕ್ಕೇ ತಂದು ನಿಲ್ಸಿದೆ. ಇಲ್ಲಿ ಎಲ್ಲರ ಕಣ್ಣೆದುರು ಇದ್ರೆ ಯಾರೂ ಕದ್ದು ಕೊಲ್ಲೋಕಾಗಲ್ಲ. ನಿಮ್ಮ ಮೆತ್ತನೆಯದು ನಮ್ಮನೇಲಿ ಚೆನ್ನಾಗಿದೆ ಟೀಚರಮ್ಮ, ಚಿಂತೆ ಬೇಡ.”

“ಮನುಷ್ಯರನ್ನ ಬೀಳಿಸೋ ಕುದುರೆ ಅದು, ಮಾಮ,” ಎಂದರು ಯಜಮಾನರು. “ಇಟ್ಕೊಂಡು ಏನು ಮಾಡ್ತೀರಿ?”

“ಅದು ಬೀಳಿಸಲಿಲ್ಲ ಯಜಮಾನ್ರೇ.”

ಮಾಮ ಏಪ್ರನ್ನಿನ ಜೇಬಿಗೆ ಕೈ ಹಾಕಿ ಒಂದು ಸಣ್ಣ ಬಟ್ಟೆಯ ಗಂಟು ತೆಗೆದರು. ಅದನ್ನು ಬಿಚ್ಚಿದರು.

“ಅವತ್ತು ಸಂಜೆ ಇದು ಮುಂಗಾಲು ಊರ್ತಿರಲಿಲ್ಲ. ಲಾಳ ಬಿಚ್ಚಿ ನೋಡಿದೆ. ಲಾಳಕ್ಕೂ ಗೊರಸಿಗೂ ನಡುವೆ ಇದು ಸಿಕ್ತು. ಚಪ್ಪಲಿಯೊಳಗೆ ಕಲ್ಲು ಇಟ್ಟು ಓಡಿಸಿದ ಹಾಗೆ. ಬೇಲಿ ಹಾರಿ ಅಷ್ಟು ಭಾರ ಆ ಕಾಲಿನ ಮೇಲೆ ಇಳಿದರೆ ಯಾವ ಪ್ರಾಣಿ ಎಗರಲ್ಲ ಹೇಳಿ? ದಾರೀಲಿ ತುಳಿದದ್ದಾಗಿದ್ರೆ ಅಂಗಾಲಿಗೆ ಚುಚ್ಚಿರೋದು. ಲಾಳದ ಒಳಗೆ ತಾನಾಗಿ ಹೋಗಲ್ಲ. ಯಾರೋ ಲಾಳ ಸಡಿಲ ಮಾಡಿ, ಇದನ್ನಿಟ್ಟು, ಮತ್ತೆ ಹೊಡೆದಿದ್ದಾರೆ.”

“ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?” ಡಾಕ್ಟರಮ್ಮ ಸಿಡುಕಿದರು.

“ಲಾಳ ನನ್ನದಲ್ವಾ ಅಮ್ಮ. ಮೊಳೆ ಯಾರದು ಅಂತ ಯಾರು ಕೇಳ್ತಿದ್ರು?”

ಅವರು ಅದನ್ನು ನನ್ನ ಅಂಗೈಗೆ ಹಾಕಿದರು. ಲಾಳಕ್ಕೆ ಹೊಡೆಯುವ ಮೊಳೆ ಚಪ್ಪಟೆ, ಆಗಲೇ ಅವರ ಪೆಟ್ಟಿಗೆಯಲ್ಲಿ ನೋಡಿದ್ದೆ. ಇದು ದುಂಡಗಿತ್ತು, ಬಾಗಿತ್ತು. ಹಸಿರುಗಟ್ಟಿದ ಹಿತ್ತಾಳೆ. ಗುಂಡು ತಲೆ.

ಮೊಳೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಮೋಡನ ಬಾಗಿಲ ಮೇಲಿನ ಹಲಗೆಯತ್ತ ಕತ್ತೆತ್ತಿದೆ. ಮೂರು ಹಿತ್ತಾಳೆ, ಒಂದು ಕಬ್ಬಿಣ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಯಾರೂ ಇನ್ನೂ ಕಳ್ಳ ಅಂದಿರಲಿಲ್ಲ. ಹಲಗೆಯ ಮಾತನ್ನೂ, ಅಪ್ಪ ಶಾಲೆಯನ್ನು ಮಗನನ್ನು ಬಿಟ್ಟು ಮಗಳಿಗೆ ವಹಿಸಿದ್ದ ಮಾತನ್ನೂ ಯಾರೂ ಎತ್ತಿರಲಿಲ್ಲ.

ಆದರೂ ಹುಲ್ಲಿನ ಕಟ್ಟಿನ ಮೇಲೆ ಕೂತಿದ್ದ ಯಜಮಾನರು ನನಗಿಂತ ಮೊದಲೇ ಆ ನಾಲ್ಕನೇ ಮೂಲೆಯನ್ನು ನೋಡುತ್ತಿದ್ದರು. ಅವರ ಕೈ ಇನ್ನೂ ತಂಗಿಯ ಕೈಯನ್ನು ಹಿಡಿದೇ ಇತ್ತು.